ಬರಿಗೈ ಭಾವನಿಗೆ ನಾನು ಸಾಕ್ಷಿ

ಚೀಲವಿಲ್ಲದೆ ನಾನು ಹೊಸ್ತಿಲು ದಾಟುವುದಿಲ್ಲ. ಸತ್ಯನಾರಾಯಣಪೇಟೆಯ ನಮ್ಮ ಮನೆಗೂ ಅಂಚೆಪೆಟ್ಟಿಗೆಗೂ ನಡುವೆ ಇರುವುದು ಒಂದೇ ಓಣಿ. ಒಂದು ಕಾಗದ ಹಾಕಿ ಬರಲು ಹೋದರೂ ಹೆಗಲಿಗೆ ಚೀಲ ಇರಲೇಬೇಕು. ಅದರೊಳಗೆ ಏನಿರುತ್ತದೆ ಎಂದು ನೀವು ಕೇಳದಿದ್ದರೂ ಹೇಳುತ್ತೇನೆ. ಜ್ವರದ ಗುಳಿಗೆ, ಸೂಜಿ ದಾರ, ಒಂದು ಪುಸ್ತಕ, ಅದು ಬೇಸರವಾದರೆ ಓದಲು ಇನ್ನೊಂದು ಪುಸ್ತಕ, ಹರಿದ ಕೊಡೆ, ಎರಡು ಬಾಳೆಹಣ್ಣು. ನನ್ನ ಹೆಂಡತಿ ಹೇಳುವುದುಂಟು: "ದಾರ್ಯಾಗ ಯಾರಾದ್ರೂ ನಿಮ್ಮನ್ನ ಹಿಡ್ಕೊಂಡು ಹೋಗಿ ಆರು ತಿಂಗಳು ಕೂಡಿ ಹಾಕಿದ್ರೂ ನಂಗ ಚಿಂತಿ ಇಲ್ಲ ಬಿಡ್ರಿ. ನಿಮ್ಮ ಸಂಸಾರ ನಿಮ್ಮ ಬಗಲಾಗ ಐತಿ."

ಇದು ನನ್ನೊಬ್ಬನ ರೋಗವಲ್ಲ, ಮನೆತನದ್ದು. ನಮ್ಮದು ಏನನ್ನೂ ಎಸೆಯದ ಮನೆ. ಅಪ್ಪ ಸೊಟ್ಟ ಮೊಳೆಗಳನ್ನು ಒಂದು ಡಬ್ಬಿಯಲ್ಲಿ ಕೂಡಿಡುತ್ತಿದ್ದ. ಭಾನುವಾರ ಚರ್ಚಿನಿಂದ ಬಂದು, ಕೋಟು ಬಿಚ್ಚಿಟ್ಟು, ಕಲ್ಲಿನ ಮೇಲೆ ಅವನ್ನು ಒಂದೊಂದಾಗಿ ಬಡಿದು ನೆಟ್ಟಗೆ ಮಾಡುವುದೇ ಅವನ ವಿಶ್ರಾಂತಿ. ಅವನ್ನು ಎಲ್ಲಿಯಾದರೂ ಹೊಡೆದದ್ದನ್ನು ನಾನು ನೋಡಲಿಲ್ಲ. ಅವ್ವ ಪೊಟ್ಟಣದ ದಾರಗಳನ್ನು ಬಿಚ್ಚಿ ಉಂಡೆ ಸುತ್ತುತ್ತಿದ್ದಳು. ಆ ಉಂಡೆ ನನ್ನ ಬಾಲ್ಯದುದ್ದಕ್ಕೂ ಬೆಳೆಯಿತು. ಬಳ್ಳಾರಿಯ ಕೋಟೆಬೆಟ್ಟದ ಬಂಡೆಗಳ ಹಾಗೆ ಅದು ಯಾವಾಗಿನಿಂದ ಅಲ್ಲಿದೆ ಎಂದು ಯಾರೂ ಕೇಳುತ್ತಿರಲಿಲ್ಲ. ನಗಬೇಡಿ. ನಮ್ಮಜ್ಜ ಊರಾಚೆಯ ಕೇರಿಯಲ್ಲಿ ಹುಟ್ಟಿದವನು. ಮೈಮೇಲಿನ ಕಂಬಳಿ ಕೂಡ ಇನ್ನೊಬ್ಬರದು. ಅವನು ಕ್ರೈಸ್ತನಾದ, ಅವನ ಮಗ ಬಡಿಗೆ ಕೆಲಸ ಕಲಿತ, ಮೊಮ್ಮಗ ಮದರಾಸಿಗೆ ಹೋಗಿ ತತ್ತ್ವಶಾಸ್ತ್ರದಲ್ಲಿ ಪದವಿ ತಂದ. ಮೂರು ತಲೆಮಾರಿನಲ್ಲಿ ಕೈಗೆ ಬಂದದ್ದನ್ನು ಬಿಡುವ ಅಭ್ಯಾಸ ನಮಗೆ ಆಗಿರಲಿಲ್ಲ.

ಆದ್ದರಿಂದ ಭಾವ ಒಂದು ದಿನ ಎಲ್ಲವನ್ನೂ ಬಿಡುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಯಾರಿಗೂ ಅದು ಅರ್ಥವಾಗಲಿಲ್ಲ.

ಭಾವ ಎಂದರೆ ಸುಗುಣಕ್ಕನ ಗಂಡ, ದೇವದಾನ ಮೇಷ್ಟ್ರು. ಕ್ರೈಸ್ತರ ಶಾಲೆಯೊಂದರಲ್ಲಿ ಲೆಕ್ಕ ಹೇಳಿಕೊಡುತ್ತಿದ್ದರು. ಇದು ನಡೆದದ್ದು ಸ್ವಾತಂತ್ರ್ಯ ಬಂದ ಮರುವರ್ಷವೋ ಅದರ ಮುಂದಿನದೋ, ನನಗೆ ಖಚಿತವಿಲ್ಲ. ಇಲ್ಲೇ ಒಂದು ಮಾತು ಹೇಳಿಬಿಡಬೇಕು. ಮದರಾಸಿನಿಂದ ಬರುವಾಗ ನಾನು ಏನನ್ನೂ ನಂಬಬಾರದು ಎಂಬುದೊಂದನ್ನು ಮಾತ್ರ ಗಟ್ಟಿಯಾಗಿ ನಂಬಿಕೊಂಡು ಬಂದಿದ್ದೆ. ಮೊದಲು ದೇವರ ಮೇಲೆ ಬಿದ್ದ ಆ ಸಂಶಯ ಆಮೇಲೆ ಪತ್ರಿಕೆಗಳ ಮೇಲೆ, ಡಾಕ್ಟರರ ಮೇಲೆ ಬಿದ್ದು, ಈಗ ಮೇಯಲು ಬೇರೇನೂ ಇಲ್ಲದೆ ನನ್ನ ನೆನಪನ್ನೇ ಮೇಯುತ್ತಿದೆ. ಹೀಗಾಗಿ ಮುಂದೆ ಹೇಳುವುದರಲ್ಲಿ ದಾರಿ, ಊರುಗಳ ಸರದಿ, ಹೊಳೆ ದಾಟಿದ್ದು ಹೋಗುವಾಗಲೋ ಬರುವಾಗಲೋ ಎಂಬುದು ಹೆಚ್ಚುಕಡಿಮೆ ಇದ್ದೀತು. ರೊಟ್ಟಿಯ ವಿಷಯ ಮಾತ್ರ ಖಚಿತ. ಅಥವಾ ಅದೂ ಅಲ್ಲ. ನೀವೇ ನೋಡಿ.

ಅಂದು ಭಾನುವಾರ. ನಾನು ಕೋಟೆಯ ಹಿಂದಿನ ಓಣಿಯಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಭಾವ ಕೋಟು ಬಿಚ್ಚಿ ಗೂಟಕ್ಕೆ ಹಾಕಿ, ಅಡುಗೆಮನೆಯ ಬಾಗಿಲಲ್ಲಿ ಕುಳಿತು ಹೇಳಿದರು: "ಸುಗುಣಾ, ನನಗ ಕರೆ ಬಂದೈತಿ."

"ಯಾರು ಕರದ್ರು? ಸಾಲಿ ಇನ್ಸ್‌ಪೆಕ್ಟರ್ ಬಂದಾರೇನು?"

"ಅಲ್ಲ. ದೇವರು."

ರೊಟ್ಟಿ ಬಡಿಯುವ ಸದ್ದು ನಿಂತಿತು. ಭಾವ ವಿವರಿಸಿದರು. ಅವರಿಗೆ ದನಿ ಎತ್ತಿ ಮಾತಾಡಿ ಗೊತ್ತಿರಲಿಲ್ಲ, ಲೆಕ್ಕದ ಪಾಠದಲ್ಲೂ. ಯೇಸುಸ್ವಾಮಿ ಶಿಷ್ಯರನ್ನು ಊರೂರಿಗೆ ಕಳಿಸುವಾಗ ದಾರಿಗೆ ಏನನ್ನೂ ಒಯ್ಯಬೇಡಿ, ಚೀಲ ಬೇಡ, ಬುತ್ತಿ ಬೇಡ ಎಂದದ್ದನ್ನು ಇಪ್ಪತ್ತು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಓದಿ, ಮಡಿಚಿಟ್ಟು, ಬುತ್ತಿ ಕಟ್ಟಿಕೊಂಡು ಶಾಲೆಗೆ ಹೋಗಿದ್ದೇನೆ. ಇನ್ನು ಹಾಗೆ ಆಗುವುದಿಲ್ಲ. ಸಿರುಗುಪ್ಪದ ಕಡೆಯ ಹಳ್ಳಿಗಳಿಗೆ ಬರಿಗೈಯಲ್ಲಿ ಹೋಗುತ್ತೇನೆ ಎಂದರು.

ಅಕ್ಕ ಹಿಟ್ಟಿನ ಕೈಯನ್ನು ತಟ್ಟೆಯ ಅಂಚಿಗೆ ಒರೆಸಿದಳು. "ನಮ್ಮಜ್ಜನೂ ಬರಿಗೈಲೇ ತಿರುಗ್ಯಾಡ್ಯಾನ್ರಿ. ಅವಾಗ ಅದಕ್ಕ ಯಾರೂ ಕರೆ ಅನ್ನಲಿಲ್ಲ. ಬಡತನ ಅಂದ್ರು."

ಭಾವ ತಲೆ ತಗ್ಗಿಸಿದರು, ಆದರೆ ಬಾಗಿಲು ಬಿಟ್ಟು ಎದ್ದು ಹೋಗಲಿಲ್ಲ. ಮದುವೆಗೆ ಮೊದಲು ಅಕ್ಕನೂ ಟ್ರೈನಿಂಗ್ ಮುಗಿಸಿ ಎರಡು ವರ್ಷ ಚಿಕ್ಕ ಮಕ್ಕಳಿಗೆ ಪಾಠ ಹೇಳಿದವಳು. ಹಟ ಹಿಡಿದ ಹುಡುಗನಿಗೂ ನಿಜವಾಗಿ ಬೇಕಾಗಿರುವ ಹುಡುಗನಿಗೂ ವ್ಯತ್ಯಾಸ ಅವಳಿಗೆ ತಿಳಿಯುತ್ತಿತ್ತು. ನಾಲ್ಕು ದಿನ ಅತ್ತಳು, ನಾಲ್ಕು ದಿನ ಮಾತು ಬಿಟ್ಟಳು, ಆಮೇಲೆ ಒಂದು ದಿನ ನನ್ನೆದುರಿಗೇ, ರೊಟ್ಟಿ ಬಡಿಯುತ್ತ, ಷರತ್ತು ಹಾಕಿದಳು.

"ಎಂಟು ದಿನ ಹೋಗಿ ಬರ್ರಿ. ನಿಮ್ಮ ಸ್ವಾಮಿ ನಿಮ್ಮನ್ನ ಸಾಕ್ತಾನೋ ಇಲ್ಲೋ ನೋಡೋಣ. ಒಂದ ಒಂದು ದಿನ, ಮುಂಜಾನಿಂದ ರಾತ್ರಿ ತನ ಯಾರೂ ನಿಮಗ ಕೂಳು ಕೊಡಲಿಲ್ಲ ಅಂದ್ರ ಸುಮ್ಮನ ಬಂದು ಕೋಟು ಹಾಕ್ಕೊಂಡು ಸಾಲಿಗೆ ಹೋಗಬೇಕು. ಮತ್ತ ಈ ಮಾತು ಎತ್ತಬಾರದು."

"ಆತು. ಆದ್ರ ನಾ ಬಂದು ಹೇಳಿದ್ದನ್ನ ನೀ ನಂಬ್ತಿಯೇನು?"

"ನಿಮ್ಮನ್ನ ಯಾಕ ನಂಬಲಿ? ಸಾಕ್ಷಿ ಕಳಸ್ತೀನಿ." ಅಕ್ಕ ಹಿಟ್ಟಿನ ಕೈಯಿಂದಲೇ ನನ್ನ ಕಡೆ ತೋರಿಸಿದಳು. "ಇವನ್ನ ಕರಕೊಂಡು ಹೋಗ್ರಿ. ಇವ ದೇವರನ್ನೂ ನಂಬಲ್ಲ, ನಿಮ್ಮನ್ನೂ ನಂಬಲ್ಲ, ಹೊತ್ತು ಮುಣುಗಿತು ಅಂದ್ರ ಹೊರಗ ಹೋಗಿ ನೋಡಿ ಬರ್ತಾನ. ಇಂಥವನ ಸಾಕ್ಷಿನ ಸಾಕ್ಷಿ."

ನನಗೆ ಹಿಗ್ಗೋ ಹಿಗ್ಗು. ಒಂದು ಸಿದ್ಧಾಂತವನ್ನು ಎಂಟು ದಿನ ಪರೀಕ್ಷೆಗೆ ಒಡ್ಡುವ ಭಾಗ್ಯ ಎಷ್ಟು ಜನ ಪದವೀಧರರಿಗೆ ಸಿಗುತ್ತದೆ? ಶಾಲೆಯ ಹೊಣೆ ಹೊತ್ತ ಪಾದ್ರಿ ಅಯ್ಯನವರೂ ಎಂಟು ದಿನ ಜಾಗ ಖಾಲಿ ಇಡುತ್ತೇನೆ, ಒಂಬತ್ತನೆಯ ದಿನ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು. ಅಕ್ಕನಿಗೆ ಇಬ್ಬರು ಹೆಣ್ಣುಮಕ್ಕಳು. ಆ ಜಾಗ ಹೋದರೆ ಮನೆಯ ಒಲೆಗೆ ಬೇರೆ ದಿಕ್ಕಿರಲಿಲ್ಲ. ಆ ಎಂಟು ದಿನದ ಮೇಲೆ ನಿಂತದ್ದು ಇಷ್ಟು.

ಹೊರಡುವ ದಿನ ಬೆಳಿಗ್ಗೆ ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು. ಸೆರಗಿನ ಮರೆಯಿಂದ ಒಂದು ಬಟ್ಟೆಯ ಗಂಟು ತೆಗೆದು ನನ್ನ ಚೀಲಕ್ಕೆ ತುರುಕಿದಳು. ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅದೇ ಚಟ್ನಿಪುಡಿ. ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿ ಹಪ್ಪಳದಂತೆ ಮಾಡಿದ ಜೋಳದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ.

"ಅವ್ರಿಗೆ ಹೇಳಬ್ಯಾಡ. ಭಾಳ ಹಸದ್ರ ಕೊಡು."

"ಅಕ್ಕಾ, ಅವ್ರು ಹಸೀಬೇಕು ಅಂತಲ್ಲ ನಿನ್ನ ಷರತ್ತು? ಹಸದ್ರ ನೀ ಗೆದ್ದಂಗ."

"ಸೋಲಬೇಕಲೇ ಅವ್ರು," ಅಂದಳು ಅಕ್ಕ. "ಹಸೀಬೇಕು ಅಂತ ಯಾರು ಅಂದ್ರು?"

ಇದರಲ್ಲಿರುವ ವಿರೋಧವನ್ನು ನಾನು ಅವಳಿಗೆ ತೋರಿಸಿಕೊಟ್ಟೆ. ಅವಳು ಗಂಟನ್ನು ಇನ್ನೂ ಒಳಕ್ಕೆ ಒತ್ತಿದಳು.

ಜೋಳದ ಸುಗ್ಗಿ ಮುಗಿದು ಬಿಸಿಲು ಏರುವ ಕಾಲ. ಭಾವನ ಮೈಮೇಲೆ ಒಂದು ಧೋತರ, ಒಂದು ಅಂಗಿ. ಕಾಲಲ್ಲಿ ಏನೂ ಇಲ್ಲ. ನನ್ನ ಕಾಲಲ್ಲಿ ಮದರಾಸಿನಿಂದ ತಂದ ಹೊಸ ಬೂಟು. ಚೀಲ ನೋಡಿ ಭಾವ ನಕ್ಕರು: "ಇರಲಿ ತಮ್ಮಾ. ಕರೆ ಬಂದದ್ದು ನನಗ. ನೀ ಬೇಕಾದ್ರ ಪೆಟಾರಿ ಹೊತ್ಕೊಂಡು ಬಾ." ತಮಗಾಗಿ ಅವರು ಇಟ್ಟುಕೊಂಡ ನಿಯಮ ಸರಳ. ಏನನ್ನೂ ಒಯ್ಯಬಾರದು, ಏನನ್ನೂ ಬೇಡಬಾರದು. ತಾನಾಗಿ ಕೊಟ್ಟರೆ, ಏನು ಕೊಟ್ಟರೂ, ಕುಳಿತು ತಿನ್ನಬೇಕು.

ಕುರುಗೋಡು ಮುಟ್ಟುವ ಹೊತ್ತಿಗೆ ನನ್ನ ಎರಡೂ ಹಿಮ್ಮಡಿಗಳಲ್ಲಿ ಬೊಬ್ಬೆ ಎದ್ದಿದ್ದವು. ಬೂಟು ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಕುಂಟುತ್ತ ಹಿಂದೆ ಉಳಿದೆ. ನಾನು ಹೋಗಿ ನೋಡುವಷ್ಟರಲ್ಲಿ ಭಾವ ಒಂದು ಮನೆಯ ಮುಂದೆ ನಿಂತಿದ್ದರು. ವಿಭೂತಿ ಹಚ್ಚಿದ ಮುದುಕಿಯೊಬ್ಬಳು ಮೊರದಲ್ಲಿ ಜೋಳ ಹಿಡಿದುಕೊಂಡು ಕಂಗಾಲಾಗಿ ಅವರ ಮುಂದೆ ನಿಂತಿದ್ದಳು.

"ಜೋಳಿಗಿ ಎಲ್ಲೈತಪ್ಪಾ ನಿಂದು? ಎಲ್ಲಿ ಹಾಕಲಿ?"

"ಜೋಳಿಗಿ ಇಲ್ಲವ್ವ."

"ಸೆರಗಾರ ಒಡ್ಡು."

"ಒಯ್ಯಾಂಗಿಲ್ಲವ್ವ ನಾನು. ಒಯ್ಯಬ್ಯಾಡ ಅಂತ ಹೇಳಿ ಕಳಿಸ್ಯಾರ."

"ಯಾವಾಕಿ ಹೇಳಿ ಕಳಿಸಿದಾಕಿ? ತಲಿ ನೆಟ್ಟಗೈತಿಲ್ಲ ಆಕಿಗೆ?" ಎಂದಳು ಮುದುಕಿ. ಮೊರ ಕೆಳಗಿಡಲಿಕ್ಕಾಗದು, ಭಿಕ್ಷೆಗೆಂದು ಎತ್ತಿದ ಕಾಳನ್ನು ಮರಳಿ ಕಣಜಕ್ಕೆ ಹಾಕಬಾರದು. ಜೋಳಿಗೆಯಿಲ್ಲದವನಿಗೆ ಹಾಕುವುದು ಹೇಗೆ? ಆ ಮನೆಗೆ ತಲೆತಲಾಂತರದಿಂದ ಜಂಗಮರು, ದಾಸರು ಎಷ್ಟು ಬಂದಿದ್ದರೋ, ಹೀಗೊಬ್ಬ ಬಂದಿರಲಿಲ್ಲ. ಕೊನೆಗೆ ಅವಳು ಮೊರವನ್ನು ಸೊಂಟಕ್ಕೆ ಆನಿಸಿಕೊಂಡು, ಸಿಟ್ಟಿನಿಂದಲೇ, "ನಿಂತು ಏನ್ ಮಾಡ್ತಿ? ಕುಂದ್ರು. ಮಾಡಿದ್ದರಾಗ ಒಂದು ತುತ್ತು ಉಂಡು ಹೋಗು" ಎಂದಳು.

ಜಾತಿ ಕೇಳಿದಳು. ಭಾವ ಮರೆಮಾಚಲಿಲ್ಲ: "ನಮ್ಮ ಹಿರೇರು ಕೇರ್ಯಾಗಿನವರವ್ವ. ಈಗ ಕ್ರಿಸ್ತರು." ಮುದುಕಿ ಬಾಗಿಲ ಚೌಕಟ್ಟು ಹಿಡಿದು ಒಳಗೆ ಸರಿದಳು. ಒಳಗೆ ಹೋದವಳು ಇನ್ನು ಬರುವುದಿಲ್ಲ ಎಂದು ನಾನು ಅಂದುಕೊಂಡೆ. ಬಂದಳು. ಅಂಗಳದ ಬೇವಿನ ಕೆಳಗೆ ಮುತ್ತಲ ಎಲೆ ಹಾಸಿ, ಮೇಲಿನಿಂದಲೇ ಸಂಗಟಿ ಮುದ್ದೆ ಬಿಟ್ಟು, ಪುಂಡಿಪಲ್ಯ ಬಡಿಸಿದಳು. ನೀರನ್ನು ಎತ್ತರದಿಂದ ಬೊಗಸೆಗೆ ಹೊಯ್ದಳು. ನನಗೆ ಮೈ ಉರಿಯಿತು. ಸ್ವತಂತ್ರ ಭಾರತದ ಪದವೀಧರನಿಗೆ ಎಲೆಯೇ? ಭಾವ ಮಾತ್ರ ಹಬ್ಬದೂಟದಂತೆ ಉಣ್ಣುತ್ತಿದ್ದರು.

"ಎಲಿ ನೋಡಬ್ಯಾಡ ತಮ್ಮಾ. ಪುಂಡಿಪಲ್ಯ ನೋಡು."

"ಇದಕ್ಕ ಸ್ವಾಗತ ಅಂತೀರೇನು ನೀವು?"

"ಆಕಿ ತನ್ನ ಹೊಸ್ತಿಲ ದಾಟಿ ಎಷ್ಟು ದೂರ ಬಂದಾಳೋ ಅಷ್ಟು. ಅಕೀಗೆ ಅದ ಭಾಳ ದೂರ." ಹೀಗೆಂದು ಇನ್ನೊಂದು ಸಲ ಪಲ್ಯ ಹಾಕಿಸಿಕೊಂಡರು.

ಅಂಗಳಕ್ಕೆ ನಾಲ್ಕು ಜನ ಬಂದು ಕೂತರು. ಭಾವ ಅವರಿಗೆ ಕಳೆದುಹೋದ ಕುರಿಯೊಂದನ್ನು ಹುಡುಕಿಕೊಂಡು ಹೋದ ಕುರುಬನ ಕಥೆ ಹೇಳಿದರು. ಮುದುಕಿಯ ಮನೆಯ ಹಿರಿಯನೊಬ್ಬ ಕೊನೆತನಕ ಕೇಳಿ, "ಚಲೋ ಮಾತು. ನಮ್ಮ ಶರಣರೂ ಹಿಂಗ ಹೇಳ್ಯಾರ. ಕುರಿ ಮಾತ್ರ ಕುರುಗೋಡು ಗುಡ್ಡದಾಗ ಕಳದ್ರ ಸಿಗಂಗಿಲ್ಲ ಬಿಡ್ರಿ, ಚಿರತಿ ಕಾಟ ಭಾಳ" ಎಂದ. ಎಲ್ಲರೂ ನಕ್ಕರು. ಭಾವನೂ ನಕ್ಕರು. ಯಾರೂ ಮತ ಬಿಡಲಿಲ್ಲ, ಯಾರೂ ಬಿಡು ಎನ್ನಲೂ ಇಲ್ಲ.

ಹೀಗೆಯೇ ಮೂರು ನಾಲ್ಕು ದಿನ ನಡೆಯಿತು. ಬೊಬ್ಬೆಯ ದೆಸೆಯಿಂದ ನಾನು ಯಾವಾಗಲೂ ಅರ್ಧ ಮೈಲಿ ಹಿಂದೆ. ಭಾವ ಮುಂದೆ ಬರಿಗೈಯಲ್ಲಿ ಹೋಗಿ ನಿಲ್ಲುವರು, ಮನೆಯವರು ಜೋಳ ಹಿಡಿದುಕೊಂಡು ಪೇಚಾಡುವರು, ಕೊನೆಗೆ ಕುಳ್ಳಿರಿಸಿ ಉಣಿಸುವರು, ನಾನು ಹೋಗಿ ಪಂಕ್ತಿಗೆ ಸೇರುವೆನು. ಒಂದು ಕಡೆ ಅಂಬಲಿ, ಒಂದು ಕಡೆ ನವಣೆಯನ್ನ, ಸಿರುಗುಪ್ಪದಲ್ಲಿ ಒಬ್ಬ ನೇಕಾರರ ಮನೆಯಲ್ಲಿ ಒಳಗೇ ಕೂರಿಸಿ ತುಪ್ಪ ಹಾಕಿದರು. ಸಾಕ್ಷಿಯಾಗಿ ನಾನು ಇದನ್ನೆಲ್ಲ ಮನಸ್ಸಿನಲ್ಲಿ ಬರೆದುಕೊಳ್ಳುತ್ತಿದ್ದೆ. ಸಿದ್ಧಾಂತ ಗೆಲ್ಲುತ್ತಿರುವುದು ನನಗೆ ಹಿಡಿಸುತ್ತಿರಲಿಲ್ಲ.

ಐದನೆಯ ದಿನಕ್ಕೆ ನನ್ನ ಕಾಲಿನ ಬೊಬ್ಬೆ ಮಾಯಿತು. ಹಗರಿಯ ಮರಳು ದಾಟಿ (ಆಗಲೇ ದಾಟಿದ್ದು ಎಂದುಕೊಳ್ಳುತ್ತೇನೆ) ಹಚ್ಚೊಳ್ಳಿಗೆ ಬಂದೆವು. ಮೊದಲ ಸಲ ಇಬ್ಬರೂ ಜೊತೆಯಾಗಿ ಊರು ಹೊಕ್ಕೆವು. ಬಗಲಲ್ಲಿ ಚೀಲ ಹಾಕಿಕೊಂಡು ನಾನೇ ಒಂದು ಹೆಜ್ಜೆ ಮುಂದಿದ್ದೆ.

ಮೊದಲ ಮನೆಯವಳು ನಮ್ಮನ್ನು ನೋಡಿದಳು, ಒಳಗೆ ಹೋದಳು, ಮೊರ ತಂದಳು, ನನ್ನ ಚೀಲದ ಬಾಯಿಗೆ ಜೋಳ ಸುರಿದಳು, ಕೈ ಮುಗಿದು ಬಾಗಿಲು ಮುಂದೆ ಮಾಡಿಕೊಂಡಳು. ನಾನು ಬೇಡ ಎನ್ನುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡನೆಯ ಮನೆಯಲ್ಲೂ ಅದೇ. ಮೂರನೆಯ ಮನೆಯ ಯಜಮಾನ ನನ್ನ ಅಂಗಿ, ಜೇಬಿನ ಪೆನ್ನು, ಜೋಳ ತುಂಬಿದ ಚೀಲ ನೋಡಿ ನಾನು ಸರಕಾರಕ್ಕೆ ಕೊಡಬೇಕಾದ ಲೆವಿ ಕಾಳು ಅಳೆಯುವವನೆಂದು ತಿಳಿದು, "ಕಣದಾಗ ಒಂದು ಕಾಳಿಲ್ಲ ಸಾಹೇಬ್ರ, ಬೇಕಾದ್ರ ನೋಡ್ರಿ" ಎಂದು ಒಳಗಿನಿಂದ ಅಗುಳಿ ಹಾಕಿದ. ಸುದ್ದಿ ನಮಗಿಂತ ಮುಂದೆ ಓಡಿತು. ಆಮೇಲೆ ಕೆಲವರು ಭಯಕ್ಕೆ ಜೋಳ ಹಾಕಿದರು, ಕೆಲವರು ಭಕ್ತಿಗೆ ಹಾಕಿದರು, ಕುಳಿತುಕೊಳ್ಳಿ ಎಂದವರು ಒಬ್ಬರೂ ಇಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಚೀಲ ನನ್ನ ಹೆಗಲು ಜಗ್ಗುತ್ತಿತ್ತು, ಹೊಟ್ಟೆ ಬರಿದು. ಬೀಸುವ ಕಲ್ಲಿಲ್ಲ, ಒಲೆಯಿಲ್ಲ, ಗಡಿಗೆಯಿಲ್ಲ. ಕೇಳಿದರೆ ಯಾರಾದರೂ ಬೇಯಿಸಿಕೊಡುತ್ತಿದ್ದರೇನೋ, ಕೇಳುವಂತಿಲ್ಲ.

ಭಾವನಿಗೆ ನಗು ತಡೆಯಲಾಗಲಿಲ್ಲ. "ನೋಡಿದ್ಯಾ? ನಿನ್ನೆ ತನ ನಾವು ಅತಿಥಿಗಳಾಗಿದ್ವಿ. ಇವತ್ತು ನಿನ್ನ ಚೀಲ ನಮ್ಮನ್ನ ಭಿಕ್ಷುಕರನ್ನ ಮಾಡ್ತು. ಅವ್ರದೇನು ತಪ್ಪು? ಹಾಕಾಕ ಜಾಗ ಇದ್ರ ಹಾಕಿ ಕಳಸ್ತಾರ. ಇಲ್ಲಂದ್ರ ಒಳಗ ಕರೀಬೇಕಾಗ್ತೈತಿ."

ಸುವಿಶೇಷದ ಆ ಮಾತಿಗೆ ಇಂಥ ವ್ಯಾಖ್ಯಾನ ಮದರಾಸಿನ ಯಾವ ಪ್ರೊಫೆಸರರೂ ಹೇಳಿರಲಿಲ್ಲ. ಹಸಿವಿಲ್ಲದಿದ್ದರೆ ನಾನದನ್ನು ಮೆಚ್ಚುತ್ತಿದ್ದೆ.

ಜೋಳವನ್ನು ಊರ ಕಡೆಯ ಕೇರಿಯಲ್ಲಿ, ಎಲ್ಲಕ್ಕಿಂತ ಬಡ ಗುಡಿಸಲೊಂದರ ಒಳಗೆ ಸುರಿದು ಬಂದೆವು. ಅಲ್ಲಿ ಯಾರೂ ಇರಲಿಲ್ಲ; ಕೇರಿಯವರೆಲ್ಲ ಹತ್ತಿ ಬಿಡಿಸಲು ಬೇರೆ ಊರಿಗೆ ಹೋಗಿದ್ದರು. ಭಾವ ಕೆರೆಯ ನೀರು ಕುಡಿದು, ಏರಿಯ ಮೇಲಿನ ಬೇವಿನ ನೆರಳಿನಲ್ಲಿ ಮಲಗಿದರು. ಊರವರು ಯಾರೂ ಅತ್ತ ಸುಳಿಯಲಿಲ್ಲ. ಹೊತ್ತು ಇಳಿಯಿತು.

ಈಗ ಹೇಳಲೇಬೇಕಾದ ಮಾತು. ನಾನು ಚೀಲ ಎತ್ತಿಕೊಂಡು ಮರದಾಚೆ ಹತ್ತು ಮಾರು ದೂರ ಹೋಗಿ, ಬೆನ್ನು ತಿರುಗಿಸಿ ಕುಳಿತು, ಅಕ್ಕನ ಗಂಟು ಬಿಚ್ಚಿದೆ. ಕೊಡಬೇಕೆಂದು ಮೊದಲು ಯೋಚಿಸಿದೆ. ಕೊಟ್ಟರೆ ಅವರ ನಿಯಮ ಮುರಿಯುತ್ತದೆ, ಪರೀಕ್ಷೆ ಕೆಡುತ್ತದೆ, ಆದ್ದರಿಂದ ಕೊಡುವುದು ತಪ್ಪು ಎಂದು ತರ್ಕಬದ್ಧವಾಗಿ ಸಿದ್ಧಪಡಿಸಿಕೊಂಡೆ. ತರ್ಕ ಮುಗಿದ ಕೂಡಲೇ ಒಂದು ರೊಟ್ಟಿ ಮುರಿದೆ. ಖಡಕ್ ರೊಟ್ಟಿಯನ್ನು ಗುಟ್ಟಾಗಿ ತಿಂದು ನೋಡಿದವರಿಗೆ ನನ್ನ ಪಾಡು ಗೊತ್ತು. ಮುರಿದದ್ದೇ ಕೆರೆಯಲ್ಲಿದ್ದ ಕೊಕ್ಕರೆ ಹಾರಿತು. ಬಾಯಲ್ಲಿಟ್ಟು ಅಗಿದರೆ ನನ್ನ ಕಿವಿಯೊಳಗೆ ಗಿರಣಿ ಓಡಿದಂತೆ. ಎಂಜಲಿನಲ್ಲಿ ನೆನೆಸಿ ನುಂಗಲು ನೋಡಿದೆ, ಗಂಟಲಿಗೆ ಚುಚ್ಚಿತು. ಒಮ್ಮೆ ರೊಟ್ಟಿ ಕೈಯಲ್ಲಿ ಹಿಡಿದುಕೊಂಡೇ ತಿರುಗಿ ನೋಡಿದೆ. ಭಾವ ಈ ಕಡೆ ಮಗ್ಗುಲಾಗಿ ಮಲಗಿದ್ದರು, ಮೊಣಕೈ ಕಣ್ಣಿಗೆ ಅಡ್ಡ ಇತ್ತು. ನಿದ್ದೆ ಎಂದುಕೊಂಡೆ. ಎಲ್ಲವನ್ನೂ ತಿಂದೆ. ಹಿಂಡಿಯ ಪುಡಿಯನ್ನೂ ಬಟ್ಟೆಯಿಂದ ನೆಕ್ಕಿದೆ.

ಮರುದಿನ ಕರೂರಿನಲ್ಲಿ ಒಬ್ಬ ರೈತನ ಮನೆಯವರು ಭಾವನನ್ನು ಕೂರಿಸಿ, ಎರಡು ಸಲ ಅನ್ನ ಹಾಕಿದರು. ಚೀಲವನ್ನು ನಾನು ಊರಾಚೆಯ ಬೇಲಿಯಲ್ಲಿ ಬಚ್ಚಿಟ್ಟು ಬಂದಿದ್ದೆ. ಅಂದಿನಿಂದ ಮನೆ ಮುಟ್ಟುವ ತನಕ ನಾವು ಒಂದು ಹೊತ್ತೂ ಹಸಿಯಲಿಲ್ಲ.

ಒಂಬತ್ತನೆಯ ದಿನ ಬೆಳಿಗ್ಗೆ ಅಕ್ಕನ ಮನೆಯೊಳಗೆ ಕಾಲಿಟ್ಟಾಗ ಗೂಟದ ಮೇಲೆ ಭಾವನ ಕೋಟು ಒಗೆದು, ಇಸ್ತ್ರಿ ಆಗಿ ತೂಗುತ್ತಿತ್ತು. ಅಕ್ಕ ನೀರು ಕೂಡ ಕೊಡಲಿಲ್ಲ. ನನ್ನ ಮುಂದೆ ಬಂದು ನಿಂತಳು.

"ಹೇಳೋ. ಯಾವ ದಿನಾರ ಉಪವಾಸ ಬಿದ್ರೇನು?"

ಹೌದು ಎಂದರೆ ಅಕ್ಕನ ಮನೆ ಉಳಿಯುತ್ತದೆ. ಅದೇ ಸತ್ಯ ಕೂಡ. ನಾನು ಎಂಟು ದಿನದಿಂದ ಕಾಯುತ್ತಿದ್ದ ಉತ್ತರವೂ ಅದೇ. ಆದರೆ ಹೌದು ಎಂದರೆ ಮರುಪ್ರಶ್ನೆ ಬರುತ್ತದೆ: ರೊಟ್ಟಿ ಎಲ್ಲಿ?

"ಇಲ್ಲ," ಎಂದೆ. "ಒಂದು ದಿನಾನೂ ಇಲ್ಲ."

ಅಕ್ಕನ ಮುಖ ಇಳಿದುಹೋಯಿತು. ಅವಳು ಗೋಡೆಗೆ ಒರಗಿದಳು. ಆಗ ಭಾವ ನನ್ನ ಹಿಂದಿನಿಂದ, "ಯಾಕಪ್ಪಾ ಸುಳ್ಳು ಹೇಳ್ತಿ?" ಎಂದರು. "ಹಚ್ಚೊಳ್ಳ್ಯಾಗ ಒಂದು ದಿನ ಪೂರ್ತಿ ಇದ್ನಿ ಸುಗುಣಾ. ಯಾರೂ ಉಣ್ಣು ಅನ್ನಲಿಲ್ಲ. ನಾ ಸೋತೆ." ಹೋಗಿ ಗೂಟದಿಂದ ಕೋಟು ತೆಗೆದರು. ಒಂದು ತೋಳು ಹಾಕಿಕೊಂಡರು. ಇನ್ನೊಂದು ತೋಳಿಗೆ ಕೈ ಸಿಗದೆ ಹಿಂದೆ ತಡಕಾಡುತ್ತಿದ್ದರು. ಆ ಮನುಷ್ಯ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅತ್ತರು ಎಂದೂ ಹೇಳಲಾರೆ. ಮುಖ ಗೋಡೆಯ ಕಡೆ ಇತ್ತು.

ಅಕ್ಕ ನನ್ನ ಚೀಲದೊಳಗೆ ಕೈ ಹಾಕಿ ಬರಿ ಬಟ್ಟೆಯನ್ನು ಹೊರಗೆಳೆದಳು.

"ರೊಟ್ಟಿ?"

"ತಿಂದೆ."

"ಇವ್ರಿಗೆ ಕೊಡಲಿಲ್ಲ?"

ಭಾವ ತಿರುಗದೆಯೇ ಹೇಳಿದರು: "ಅವನ್ನ ಬೈಬ್ಯಾಡ. ಅವ ಕೊಡಾಕ ನೋಡ್ಯಾನ. ನಾನ ಒಲ್ಲೆ ಅಂದೆ."

ಈ ಮಾತು ನನ್ನ ಮೈಮೇಲೆ ಬಿದ್ದ ಹಾಗಾಯಿತು. ನಾನು ಕೊಡಲು ಹೋಗಿದ್ದೆನೇ? ನನಗೆ ಇಂಥದ್ದೇನೂ ನೆನಪಿರಲಿಲ್ಲ. ಭಾವ ಸುಳ್ಳು ಹೇಳುವವರಲ್ಲ. ಈಗಷ್ಟೇ ನನ್ನ ಸುಳ್ಳನ್ನು ಕಿತ್ತೆಸೆದು ತಮ್ಮ ಕರೆಯನ್ನೇ ಕಳೆದುಕೊಂಡಿದ್ದರು. ಹಾಗಾದರೆ ತಪ್ಪಿದ್ದು ಯಾವುದು, ಅವರ ಮಾತೋ ನನ್ನ ನೆನಪೋ?

ಅಕ್ಕ ಬಟ್ಟೆಯನ್ನು ಕೈಯಲ್ಲಿ ಹಿಡಿದೇ ಭಾವನ ಕಡೆ ತಿರುಗಿದಳು.

"ರೊಟ್ಟಿ ಅಲ್ಲೇ ಇತ್ತು?"

"ಇತ್ತು."

"ಇದ್ದೂ ಒಲ್ಲೆ ಅಂದ್ರಿ?"

"ಹೂಂ."

"ಹಂಗಾದ್ರ ನೀವು ಸೋತಿಲ್ಲ," ಎಂದಳು. "ಯಾರೂ ಕೊಡಲಾರದ ಹಸದ್ರ ಬರ್ರಿ ಅಂದಿದ್ದೆ ನಾನು. ಆ ದಿನದ ಕೂಳು ನಿಮ್ಮ ಹಿಂದ ಬಂದಿತ್ತಲ್ಲ. ಬಡದು ಕಳಿಸಿದಾಕಿ ನಾನು." ಭಾವ ತಿರುಗಿ ಅವಳನ್ನು ನೋಡಿದರು. ಗಂಡಹೆಂಡತಿ ಹಾಗೆ ನೋಡಿಕೊಳ್ಳುವಾಗ ಇರಬಾರದ ಜಾಗದಲ್ಲಿ ನಾನು ಇದ್ದೆ. ಅಕ್ಕ ಹೋಗಿ ಅವರ ಒಂದು ತೋಳಿನ ಕೋಟನ್ನು ಬಿಚ್ಚಿದಳು. "ಬಿಡ್ರಿ ಇದನ್ನ. ಸಾಲಿಗೆ ನಾ ಹೋಗ್ತೀನಿ. ಟ್ರೈನಿಂಗ್ ಆಗೇತಿ, ಚಾಕ್‌ಪೀಸು ಹಿಡಿಯಾಕ ಬರ್ತೈತಿ. ಅಯ್ಯನವ್ರು ಒಲ್ಲೆ ಅಂದ್ರ ಅವ್ರ ಬಾಗಿಲಾಗ ಕುಂದರ್ತೀನಿ."

ಅಯ್ಯನವರು ಒಲ್ಲೆ ಎನ್ನಲಿಲ್ಲ. ಚಿಕ್ಕ ಮಕ್ಕಳ ತರಗತಿ ಕೊಟ್ಟರು, ಸಂಬಳವನ್ನೂ ಚಿಕ್ಕದು ಮಾಡಿದರು. ಭಾವ ಹೊರಟರು. ತಿಂಗಳಿಗೊಮ್ಮೆ ಬಂದು ಹೋಗುವರು, ಬಂದಾಗ ಮಕ್ಕಳಿಗೆ ಲೆಕ್ಕ ಹೇಳಿಕೊಡುವರು. ನೆಂಟರು ಅಕ್ಕನನ್ನು ಮರುಳಿ ಎಂದರು. ಅವಳು ಹೌದೆಂದಳು.

ನನಗೆ ಮಾತ್ರ ಹಚ್ಚೊಳ್ಳಿಯ ಕೆರೆಯೇರಿ ಬಿಡಲಿಲ್ಲ. ಒಂದೋ ಭಾವ ಜೀವಮಾನದಲ್ಲಿ ಒಂದೇ ಒಂದು ಸುಳ್ಳನ್ನು ನನಗೋಸ್ಕರ ಹೇಳಿದ್ದರು, ಅವರ ಇಡೀ ಸೇವೆ ಅದರ ಮೇಲೆ ನಿಂತಿತ್ತು. ಇಲ್ಲವೇ ನಾನು ಒಂದು ಒಳ್ಳೆಯ ಕೆಲಸ ಮಾಡಿ ಮರೆತಿದ್ದೆ. ಎರಡನೆಯದನ್ನು ನಂಬಲು ಮನಸ್ಸು ಎಷ್ಟು ಹಾತೊರೆಯಿತೆಂದರೆ, ವರ್ಷ ಕಳೆದಂತೆ ರೊಟ್ಟಿ ಹಿಡಿದು ಭಾವನ ಬಳಿಗೆ ನಡೆದುಹೋಗುವ ನನ್ನ ಚಿತ್ರ ಕಣ್ಣಿಗೆ ಕಟ್ಟತೊಡಗಿತು. ಒಮ್ಮೆ ಅದರಲ್ಲಿ ನಾನು ಬೂಟು ಹಾಕಿಕೊಂಡಿದ್ದೆ, ಒಮ್ಮೆ ಇರಲಿಲ್ಲ. ಅದರಿಂದಲೇ ಸಂಶಯ ಬಂತು.

ಬಳ್ಳಾರಿ ಮೈಸೂರಿಗೆ ಸೇರುವ ಮಾತು ಜೋರಾಗಿದ್ದ ಕಾಲಕ್ಕೆ, ಏನೋ ಕೆಲಸದ ಮೇಲೆ ಸಿರುಗುಪ್ಪಕ್ಕೆ ಹೋಗಿದ್ದೆ. ಭಾವ ಅದೇ ನೇಕಾರರ ಮನೆಯ ಕಟ್ಟೆಯ ಮೇಲೆ ಕುಳಿತು ಯಾರಿಗೋ ಕಾಗದ ಬರೆದುಕೊಡುತ್ತಿದ್ದರು. ಬಿಸಿಲಿಗೆ ಕಪ್ಪಾಗಿದ್ದರು, ತೆಳ್ಳಗಾಗಿದ್ದರು, ಚೆನ್ನಾಗಿದ್ದರು. ಆ ಕಾಗದದವನು ಎದ್ದು ಹೋದ ಮೇಲೆ ಕೇಳಿಯೇಬಿಟ್ಟೆ.

"ಭಾವ, ಅವತ್ತು ಹಚ್ಚೊಳ್ಳ್ಯಾಗ ನಾ ನಿಮಗ ರೊಟ್ಟಿ ಕೊಡಾಕ ಬಂದಿದ್ನೇನು?"

"ಎದ್ದು ಬರಲಿಲ್ಲ ಬಿಡು," ಎಂದರು ಭಾವ, ಪೆನ್ನಿನ ಮುಚ್ಚಳ ಹಾಕುತ್ತ. "ಕೈಯಾಗ ರೊಟ್ಟಿ ಹಿಡ್ಕೊಂಡು ಹೊಳ್ಳಿ ನನ್ನ ನೋಡಿದಿ. ಅಷ್ಟು ಹಸದಾವ ತಿನ್ನೋದು ಬಿಟ್ಟು ಹೊಳ್ಳಿ ನೋಡಿದ ಅಂದ್ರ ಮತ್ತ ಯಾಕ? ನಾ ಬ್ಯಾಡ ಅಂತ ಕೈ ಮಾಡಿದೆ. ನೀ ತಿರುಗಿ ತಿನ್ನಾಕ ಹತ್ತಿದಿ. ನನಗ ಅದ ಸಾಕಾತು ತಮ್ಮಾ. ಇಡೀ ಊರಾಗ ಅವತ್ತು ಕೊಡಬೇಕು ಅಂದಾವ ನೀನೊಬ್ಬ."

ಅವರು ಕೈ ಮಾಡಿದ್ದು ನನಗೆ ನೆನಪಿಲ್ಲ. ಹೊಳ್ಳಿ ನೋಡಿದ್ದು ನೆನಪಿದೆ. ಅವರಿಗೆ ಎಚ್ಚರವಿದೆಯೋ, ನಾನು ತಿನ್ನುವುದು ಕಾಣುತ್ತಿದೆಯೋ ಎಂದು ತಿಳಿಯಲು ಹೊಳ್ಳಿ ನೋಡಿದ್ದೆ.

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಗಿನಿಂದ ಊಟಕ್ಕೆ ಕರೆದರು. ಭಾವ ನನ್ನ ರಟ್ಟೆ ಹಿಡಿದು ಎಬ್ಬಿಸಿ, ಪಂಕ್ತಿಯಲ್ಲಿ ತಮ್ಮ ಪಕ್ಕಕ್ಕೆ ಕೂರಿಸಿಕೊಂಡು, "ನಮ್ಮಾಕಿ ತಮ್ಮ ಇವ. ಮೊದಲ ಇವಗ ಹಾಕ್ರಿ" ಎಂದರು.

ಹಾಕಿದರು. ತಲೆ ತಗ್ಗಿಸಿ ಉಂಡೆ.